ಮದುವೆಯ ಡಿವಿಡಿಗೆ ಸ್ಟಿಕ್ಕರ್ ಅಂಟಿಸಬೇಡಿ

ಮಾನ್ಯ ಸಂಪಾದಕರೇ,

ಲಗ್ನದ ಹಂಗಾಮು ಮುಗಿದು ಆಲ್ಬಮ್‌ಗಳು ಮನೆ ಸೇರುವ ಹೊತ್ತು ಇದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಆಲ್ಬಮ್ ಬಾಕ್ಸಿನ ಜೊತೆ ಒಂದೆರಡು ಡಿವಿಡಿ ಕೊಡುವ ಪದ್ಧತಿ ಇನ್ನೂ ಉಳಿದಿದೆ. ಪೆನ್‌ಡ್ರೈವ್ ಬಂದಿದೆ, ನಿಜ. ಆದರೆ ಅದರಲ್ಲಿದ್ದುದನ್ನು ಮನೆಯ ಹುಡುಗರು ಅಳಿಸಿ ಸಿನಿಮಾ ತುಂಬಿಕೊಳ್ಳಬಹುದು. ಒಮ್ಮೆ ರೈಟ್ ಮಾಡಿ, ಮತ್ತೇನೂ ಸೇರಿಸಲಾಗದಂತೆ ಮುಚ್ಚಿದ (ಫೈನಲೈಸ್ ಮಾಡಿದ) ಡಿವಿಡಿ-ಆರ್ ಮೇಲಿನದನ್ನು ಹಾಗೆ ಅಳಿಸಲು ಬರುವುದಿಲ್ಲ. ಇಂಥ ದಾಖಲೆಯನ್ನು ನಮ್ಮ ಎಷ್ಟೋ ಸ್ಟುಡಿಯೊಗಳು ಗಿರಾಕಿಯ ಕೈಗೆ ಕೊಡುವ ಬಗೆ ಮಾತ್ರ ಸರಿಯಿಲ್ಲ. ಮೇಲೆ ಮಾರ್ಕರಿನಿಂದ ಗೀಚಿದ ಹೆಸರು, ಇಲ್ಲವೇ ಕಾಗದದ ಮೇಲೆ ಮುದ್ರಿಸಿ ದುಂಡಗೆ ಕತ್ತರಿಸಿ ಅಂಟಿಸಿದ ಸ್ಟಿಕ್ಕರ್. ಗೀಚಿದ ಹೆಸರು ಲಕ್ಷಗಟ್ಟಲೆ ಖರ್ಚು ಮಾಡಿದ ಮದುವೆಗೆ ಶೋಭಿಸುವುದಿಲ್ಲ. ಸ್ಟಿಕ್ಕರ್ ನೋಡಲು ಚೆಂದ, ಆದರೆ ಒಳಗಿನ ದಾಖಲೆಯನ್ನೇ ಕೆಡಿಸುತ್ತದೆ. ಡಿಸ್ಕಿನ ಮೇಲೆಯೇ ನೇರವಾಗಿ ಬಣ್ಣದ ಮುದ್ರಣ ಮಾಡಬಹುದು, ಅದಕ್ಕೆ ಬೇಕಾದ ಯಂತ್ರ ನಮ್ಮ ಗಲ್ಲಿಗಳಲ್ಲೇ ಇದೆ ಎಂದು ಸ್ಟುಡಿಯೊದವರಿಗೂ ಮದುವೆ ಮನೆಯವರಿಗೂ ತಿಳಿಸಲು ಈ ಪತ್ರ.

ಮೊದಲು ಸ್ಟಿಕ್ಕರಿನ ಮಾತು. ಡಿವಿಡಿಯ ಅಡ್ಡಳತೆ 120 ಮಿ.ಮೀ., ದಪ್ಪ 1.2 ಮಿ.ಮೀ. ಆ ದಪ್ಪ ಒಂದೇ ತುಂಡಿನದಲ್ಲ, 0.6 ಮಿ.ಮೀ. ದಪ್ಪದ ಎರಡು ಪಾಲಿಕಾರ್ಬೊನೇಟ್ ಬಿಲ್ಲೆಗಳನ್ನು ಒಂದಕ್ಕೊಂದು ಅಂಟಿಸಿರುತ್ತಾರೆ, ದಾಖಲೆಯ ಪದರ ಅವೆರಡರ ನಡುವೆ ಇರುತ್ತದೆ. ಅಲ್ಲಿನ ಸುರುಳಿ ಗೆರೆಗಳ ನಡುವಿನ ಅಂತರ 0.74 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 1,350 ಗೆರೆ. 16 ಎಕ್ಸ್ ವೇಗದಲ್ಲಿ (ಮೂಲ ವೇಗದ 16 ಪಟ್ಟು) ಡ್ರೈವ್ ಈ ಡಿಸ್ಕನ್ನು ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಿಸುತ್ತದೆ. ಸ್ಟಿಕ್ಕರ್ ತುಸು ಪಕ್ಕಕ್ಕೆ ಕೂತರೂ ತೂಕ ಒಂದು ಕಡೆ ಹೆಚ್ಚಾಗಿ ಡಿಸ್ಕ್ ನಡುಗುತ್ತದೆ, ಲೇಸರ್ ಗೆರೆ ತಪ್ಪುತ್ತದೆ. ಇನ್ನೂ ದೊಡ್ಡ ತೊಂದರೆ ಕಾಗದದ ಸ್ವಭಾವದ್ದು. ಕಾಗದ ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಕೆಳಗಿನ ಪ್ಲಾಸ್ಟಿಕ್ ಅದರ ಜೊತೆ ಹಿಗ್ಗಿ ಕುಗ್ಗುವುದಿಲ್ಲ. ಬೆಳಗಾವಿಯ ಜುಲೈ ಮಳೆಯಲ್ಲಿ ಅಂಟಿಸಿದ ಸ್ಟಿಕ್ಕರ್ ಏಪ್ರಿಲ್ ಬಿಸಿಲಿಗೆ ಒಣಗಿ ಬಿಗಿದಾಗ ಡಿಸ್ಕ್ ತುಸುವೇ ತಾಟಿನ ಹಾಗೆ ಬಾಗುತ್ತದೆ. ಈ ಬಾಗು ಹೊರ ಅಂಚಿನಲ್ಲಿ ಹೆಚ್ಚು. ಡಿವಿಡಿ ರೈಟ್ ಆಗುವುದು ಒಳಗಿನಿಂದ ಹೊರಕ್ಕೆ. ಹಾಗಾಗಿ ಡಿಸ್ಕ್ ಪೂರ್ತಿ ತುಂಬಿದ್ದರೆ ಮೊದಲು ಸಿಕ್ಕಿಕೊಳ್ಳುವುದು ಮದುವೆಯ ಕೊನೆಯ ಭಾಗ: ಅಕ್ಕಿಕಾಳು ಸರಿಯಾಗಿ ಕಾಣುತ್ತದೆ, ಮಗಳನ್ನು ಕಳಿಸಿಕೊಡುವ ಹೊತ್ತಿಗೆ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ಗಿರಾಕಿ ಬಂದು ದೂರಿದರೆ ‘ನಿಮ್ಮ ಪ್ಲೇಯರ್ ಹಳೆಯದು’ ಎಂಬ ಉತ್ತರ ಸಿಗುತ್ತದೆ. ತಪ್ಪು ಪ್ಲೇಯರಿನದ್ದಾಗಿರಬೇಕೆಂದಿಲ್ಲ.

ಡ್ರೈವಿನ ಒಳಬಿಸಿಗೆ ಅಂಟು ಸಡಿಲವಾಗಿ ಅಂಚು ಮೇಲೆದ್ದರೆ, ಕಾರಿನ ಪ್ಲೇಯರಿನಂತೆ ಸೀಳಿನೊಳಗೆ ಡಿಸ್ಕ್ ಎಳೆದುಕೊಳ್ಳುವ ಯಂತ್ರಗಳಲ್ಲಿ ಅದು ಸಿಕ್ಕಿಬೀಳುತ್ತದೆ. ಹಾಗೆಂದು ಅಂಟಿದ್ದನ್ನು ಕೀಳಲೂ ಹೋಗಬೇಡಿ. ಸಿಡಿಯಲ್ಲಂತೂ ಹೊಳೆಯುವ ಪದರ ಮೇಲಿನ ತೆಳುವಾದ ವಾರ್ನಿಶಿನ ಕೆಳಗೇ ಇರುವುದರಿಂದ ಸ್ಟಿಕ್ಕರಿನ ಜೊತೆ ಅದೂ ಎದ್ದು ಬರುತ್ತದೆ. ಸಿಡಿಯ ಮೇಲ್ಮೈಗೆ ಬಾಲ್‌ಪೆನ್ನಿನಿಂದ ಒತ್ತಿ ಬರೆಯಬಾರದು ಎನ್ನುವುದೂ ಇದೇ ಕಾರಣಕ್ಕೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2003ರಲ್ಲಿ ಹೊರತಂದ ಡಿಸ್ಕ್ ಆರೈಕೆಯ ಕೈಪಿಡಿ ಕೂಡ ಅಂಟು ಲೇಬಲ್ ಬಳಸಬೇಡಿ ಎಂದೇ ಹೇಳುತ್ತದೆ.

ಇನ್ನು ಯಂತ್ರ. ಆಧಾರ್ ಕಾರ್ಡನ್ನು ಪಿವಿಸಿ ಮೇಲೆ ಮುದ್ರಿಸಿಕೊಡುವ ಝೆರಾಕ್ಸ್ ಅಂಗಡಿ ಈಗ ತಾಲ್ಲೂಕು ಊರುಗಳಲ್ಲೂ ಇದೆ. ಅಲ್ಲಿ ಹೆಚ್ಚಾಗಿ ಕಾಣುವುದು ಎಪ್ಸನ್ ಎಲ್805, ಈಚೆಗೆ ಎಲ್8050. ಎರಡೂ ಆರು ಬಣ್ಣದ ಇಂಕ್‌ಟ್ಯಾಂಕ್ ಪ್ರಿಂಟರುಗಳು: ಕಪ್ಪು, ಸಯಾನ್, ಮೆಜೆಂಟಾ, ಹಳದಿ, ಜೊತೆಗೆ ತಿಳಿ ಸಯಾನ್, ತಿಳಿ ಮೆಜೆಂಟಾ. ಎಲ್805ರಲ್ಲಿ ಕಾರ್ಡಿನ ಟ್ರೇ ತೂರಿಸುವ ಬಾಯಿ ಮೂಲತಃ ಸಿಡಿ, ಡಿವಿಡಿಗಾಗಿಯೇ ಇಟ್ಟಿದ್ದು. ಪ್ರಿಂಟರಿನ ಜೊತೆ ಬಂದ ಡಿಸ್ಕ್ ಟ್ರೇ ಕಾರ್ಡಿನ ಕೆಲಸಕ್ಕೆ ಬೇಡವಾದ್ದರಿಂದ ಎಲ್ಲೋ ಮೂಲೆ ಸೇರಿರುತ್ತದೆ, ಅದನ್ನು ಹುಡುಕಿಸಿ. ಬಿಸಿಲಲ್ಲಿ ಬಿದ್ದು ಡೊಂಕಾಗಿದ್ದರೆ ಬಳಸಬೇಡಿ, ಇಂಕ್ ಚಿಮ್ಮಿಸುವ ಪ್ರಿಂಟರಿನ ಹೆಡ್ಡಿಗೆ ತಾಗುತ್ತದೆ. ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಟ್ಯಾಂಕಿನಲ್ಲಿ ಯಾವ ಇಂಕ್ ಇದೆ? ಮಗ್, ಟಿ-ಶರ್ಟ್ ಕೆಲಸ ಮಾಡುವವರು ಇದೇ ಪ್ರಿಂಟರಿಗೆ ಸಬ್ಲಿಮೇಶನ್ ಇಂಕ್ ತುಂಬಿಕೊಂಡಿರುತ್ತಾರೆ. ಆ ಇಂಕ್ ಬಿಸಿಗೆ ಒತ್ತಿದಾಗ ಮಾತ್ರ ಅರಳುತ್ತದೆ. ಡಿಸ್ಕಿನ ಮೇಲೆ ಅದು ಮಂಕಾಗಿ, ಮುಖಗಳು ಬೂದಿ ಬಳಿದ ಹಾಗೆ ಬರುತ್ತವೆ. ಎಷ್ಟು ಬಣ್ಣ ತಿದ್ದಿದರೂ ಸರಿಹೋಗುವುದಿಲ್ಲ. ಫೋಟೊ ಮುದ್ರಣದ ಸಾಮಾನ್ಯ ಡೈ ಇಂಕ್ ಇದ್ದ ಯಂತ್ರವೇ ಬೇಕು.

ಡಿಸ್ಕ್ ಕೊಳ್ಳುವಾಗ ‘ಪ್ರಿಂಟೆಬಲ್’ ಎಂದಷ್ಟೇ ಕೇಳಿದರೆ ಸಾಲದು. ‘ಇಂಕ್‌ಜೆಟ್ ಪ್ರಿಂಟೆಬಲ್’ ಎಂದು ಕೇಳಿ. ಬಿಳಿ ಬಣ್ಣದ್ದೇ ಆದರೂ ಬಿಸಿಯಿಂದ ಮುದ್ರಿಸುವ ಥರ್ಮಲ್ ಪ್ರಿಂಟರಿಗಾಗಿ ಮಾಡಿದ ಡಿಸ್ಕುಗಳಿವೆ. ಅವು ಇಂಕ್ ಹೀರುವುದಿಲ್ಲ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಬಣ್ಣ ಮುತ್ತುಗಟ್ಟಿ ನಿಲ್ಲುತ್ತದೆ. ಹೊರ ಅಂಚಿನ ಬಳಿ ತುಸು ಒದ್ದೆ ಬೆರಳು ಒತ್ತಿ ನೋಡಿದರೆ ತಿಳಿಯುತ್ತದೆ: ಇಂಕ್ ಹೀರುವ ಲೇಪವಿದ್ದರೆ ಬೆರಳಿಗೆ ಸಣ್ಣಗೆ ಜಿಗುಟು ಹತ್ತುತ್ತದೆ, ಇಲ್ಲದಿದ್ದರೆ ಜಾರುತ್ತದೆ. ಎರಡನೆಯ ಪ್ರಶ್ನೆ ಮುದ್ರಿಸಬಹುದಾದ ಜಾಗದ್ದು. ಸಾಧಾರಣ ಡಿಸ್ಕಿನಲ್ಲಿ ಬಿಳಿ ಲೇಪ 46 ಮಿ.ಮೀ. ವೃತ್ತದಿಂದ 116 ಮಿ.ಮೀ.ವರೆಗೆ ಮಾತ್ರ, ನಡುವೆ ಗಾಜಿನಂಥ ದೊಡ್ಡ ಉಂಗುರ ಉಳಿಯುತ್ತದೆ. ‘ಹಬ್ ಪ್ರಿಂಟೆಬಲ್’ ಎಂಬುದರಲ್ಲಿ ಲೇಪ ಸುಮಾರು 22ರಿಂದ 118 ಮಿ.ಮೀ.ವರೆಗೆ ಹಬ್ಬಿರುತ್ತದೆ. ಮದುವೆಯ ಕೆಲಸಕ್ಕೆ ಇದೇ ಸರಿ. ಮೇಲ್ಮೈಯಲ್ಲಿ ಮ್ಯಾಟ್ ಮತ್ತು ಗ್ಲಾಸಿ ಎಂದು ಎರಡು ಬಗೆ. ಮ್ಯಾಟ್ ಅಗ್ಗ, ಆದರೆ ಡೈ ಇಂಕ್ ನೀರಿಗೆ ಕರಗುವಂಥದ್ದು. ದೇವರ ಜಗುಲಿಯ ಮೇಲಿಟ್ಟು ಪೂಜೆ ಮಾಡಿದಾಗ ಒಂದು ಹನಿ ತೀರ್ಥ ಬಿದ್ದರೂ ಮದುಮಕ್ಕಳ ಮುಖದ ಮೇಲೆ ಕಲೆ. ನೀರು ತಡೆಯುವ ಗ್ಲಾಸಿ ಲೇಪದ ಡಿಸ್ಕ್ ಸಿಕ್ಕರೆ ಹೆಚ್ಚು ಕೊಟ್ಟಾದರೂ ಅದನ್ನೇ ಕೊಳ್ಳಿ. ಬೆಳ್ಳಿ ಬಣ್ಣದ ಪ್ರಿಂಟೆಬಲ್ ಡಿಸ್ಕ್ ಬೇಡ. ಈ ಪ್ರಿಂಟರುಗಳಲ್ಲಿ ಬಿಳಿ ಇಂಕ್ ಇಲ್ಲ, ಚಿತ್ರದಲ್ಲಿ ಬಿಳಿ ಇರುವಲ್ಲಿ ಡಿಸ್ಕಿನ ಮೈಬಣ್ಣವೇ ಕಾಣುತ್ತದೆ. ಬೆಳ್ಳಿಯ ಮೇಲೆ ಮುದ್ರಿಸಿದ ಮುಖ ಸತುವಿನ ಬಣ್ಣಕ್ಕೆ ತಿರುಗುತ್ತದೆ.

ಡಿಸೈನಿನಲ್ಲಿ ನಮ್ಮವರು ಎಡವುವುದು ಒಂದೇ ಕಡೆ. ಆಲ್ಬಮ್ಮಿನ ಒಂದು ಒಳ್ಳೆಯ ಫೋಟೊ ತೆಗೆದು ದುಂಡಗೆ ಕತ್ತರಿಸಿ ಕಳಿಸಿಬಿಡುತ್ತಾರೆ. ಡಿಸ್ಕಿನ ನಡುವೆ 15 ಮಿ.ಮೀ. ತೂತು ಇದೆ, ಮತ್ತು ಒಳ್ಳೆಯ ಫೋಟೊದಲ್ಲಿ ಮುಖ್ಯವಾದುದು ನಡುವೆಯೇ ಇರುತ್ತದೆ. ತಾಳಿ ಕಟ್ಟುವ ಚಿತ್ರ ಹಾಕಿದರೆ ತೂತು ತಾಳಿಯ ಮೇಲೇ ಬೀಳುತ್ತದೆ. ಡಿಸ್ಕನ್ನು ಬಿಲ್ಲೆ ಎಂದು ನೋಡದೆ ಬಳೆ ಎಂದು ನೋಡಬೇಕು. ಹಬ್ ಪ್ರಿಂಟೆಬಲ್ ಡಿಸ್ಕಿನಲ್ಲಿ ಆ ಬಳೆಯ ಅಗಲ 48 ಮಿ.ಮೀ., ಸಾಧಾರಣದ್ದರಲ್ಲಿ 35 ಮಿ.ಮೀ. ಮಾತ್ರ. ಮದುಮಕ್ಕಳನ್ನು ಕೆಳಗಿನ ಅರ್ಧದಲ್ಲಿ, ಇಲ್ಲವೇ ತೂತಿನ ಎಡಕ್ಕೊಬ್ಬರು ಬಲಕ್ಕೊಬ್ಬರು ಬರುವಂತೆ ಕೂರಿಸಿ, ಮುಖದ ಎತ್ತರ 15ರಿಂದ 20 ಮಿ.ಮೀ. ಇರುವಂತೆ ನೋಡಿಕೊಳ್ಳಿ, ಬಾಸಿಂಗದ ತುದಿ ಹೊರ ಅಂಚಿನಿಂದ 4 ಮಿ.ಮೀ. ಆದರೂ ಒಳಗಿರಲಿ. ಗೋಕಾಕ ಜಲಪಾತದ ಮುಂದೆಯೋ ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲೋ ತೆಗೆದ ಅಗಲವಾದ ಚಿತ್ರಗಳು ಇದಕ್ಕೆ ಬಹಳ ಒಪ್ಪುತ್ತವೆ. ಜೋಡಿ ಒಂದು ಬದಿಗಿದ್ದು ಉಳಿದದ್ದು ನೀರೋ ಕಲ್ಲೋ ಆಗಿರುವುದರಿಂದ ತೂತು ಬಿದ್ದರೂ ಕಣ್ಣಿಗೆ ಹೊಡೆಯುವುದಿಲ್ಲ. ವಿಜಯಪುರದವರಿಗೆ ಗೋಳಗುಮ್ಮಟದ ಗುಮ್ಮಟವನ್ನು ಡಿಸ್ಕಿನ ಮೇಲಂಚಿನ ಬಾಗಿಗೆ ಹೊಂದಿಸಿ ಕೂರಿಸುವ ಅನುಕೂಲವಿದೆ.

ಲೆಕ್ಕ ಹೀಗೆ. ಕ್ಯಾನ್ವಾಸ್ 124 ಮಿ.ಮೀ. ಚೌಕ, 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ). ಅಂದರೆ 1,465 ಪಿಕ್ಸೆಲ್. ಸುತ್ತ 2 ಮಿ.ಮೀ. ಹೆಚ್ಚುವರಿ ಇಟ್ಟಿರುವುದು ಟ್ರೇಯಲ್ಲಿ ಡಿಸ್ಕ್ ಕೂದಲೆಳೆ ಸರಿದರೂ ಅಂಚಿನಲ್ಲಿ ಬಿಳಿ ಗೆರೆ ಬಾರದಿರಲಿ ಎಂದು. ಹಿನ್ನೆಲೆ ಈ ಪೂರ್ತಿ ಚೌಕವನ್ನು ತುಂಬಿರಲಿ, ಕತ್ತರಿಸುವ ಕೆಲಸ ಪ್ರಿಂಟರಿನ ತಂತ್ರಾಂಶಕ್ಕೆ ಬಿಡಿ. ನಡುವಿನಿಂದ 260 ಪಿಕ್ಸೆಲ್ ಅಡ್ಡಳತೆಯ ಒಂದು ವೃತ್ತ, 1,394 ಪಿಕ್ಸೆಲಿನ ಇನ್ನೊಂದು ವೃತ್ತ ಎಳೆದು ಗೈಡ್ ಎಂದು ಇಟ್ಟುಕೊಂಡರೆ 22 ಮತ್ತು 118 ಮಿ.ಮೀ. ಗಡಿ ಕಣ್ಣ ಮುಂದಿರುತ್ತದೆ. ಮುದ್ರಣಕ್ಕೆ ಕಳಿಸುವ ಮೊದಲು ಆ ಎರಡು ಲೇಯರ್ ಅಡಗಿಸಲು ಮರೆಯಬೇಡಿ.

ಕನ್ನಡ ಅಕ್ಷರದ ಕಡೆ ತುಸು ಹೆಚ್ಚೇ ಗಮನ ಬೇಕು. ನಮ್ಮ ಕಡೆಯ ಹೆಸರುಗಳಲ್ಲಿ ಒತ್ತಕ್ಷರ ಹೇರಳ: ಮಲ್ಲಪ್ಪ, ಬಸವ್ವ, ಲಕ್ಷ್ಮಿ, ಸಿದ್ದಲಿಂಗಯ್ಯ. ಡಿಸ್ಕಿನ ಬಾಗಿಗೆ ತಕ್ಕಂತೆ ಹೆಸರನ್ನು ಕಮಾನಾಗಿ ಕೂರಿಸುವಾಗ ಇವು ಕೆಡುತ್ತವೆ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಒತ್ತು ಬೇರೆಯೇ ಒಂದು ಅಕ್ಷರವಾಗಿ ಕೂತಿರುತ್ತದೆ. ಕಮಾನಿನ ಮೇಲೆ ಹಾಕಿದಾಗ ಪ್ರತಿ ಅಕ್ಷರವೂ ಬೇರೆ ಬೇರೆ ತಿರುಗುವುದರಿಂದ ಒತ್ತು ತನ್ನ ಅಕ್ಷರ ಬಿಟ್ಟು ಮುಂದಕ್ಕೆ ಜಾರುತ್ತದೆ. ಯೂನಿಕೋಡ್ ಫಾಂಟು ಬಳಸಿದರೆ ಹಳೆಯ ಆವೃತ್ತಿಯ ಫೋಟೊಶಾಪ್‌ನ ಪ್ರಿಫರೆನ್ಸಿನಲ್ಲಿ ಟೈಪ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಒತ್ತಿರಬೇಕು, ಇಲ್ಲದಿದ್ದರೆ ‘ಮಲ್ಲಪ್ಪ’ ಎಂಬುದು ‘ಮಲ್‌ಲಪ್‌ಪ’ ಎಂದು ಬಿಡಿಬಿಡಿಯಾಗಿ ಬೀಳುತ್ತದೆ. ನಮಗೆ ಸರಿ ಕಂಡ ದಾರಿ ಕೋರೆಲ್‌ಡ್ರಾದ್ದು. ಹೆಸರನ್ನು ನೇರ ಸಾಲಿನಲ್ಲಿ ಟೈಪ್ ಮಾಡಿ, ಕಂಟ್ರೋಲ್-ಕ್ಯೂ ಒತ್ತಿ ಕರ್ವ್ ಮಾಡಿ (ಅಕ್ಷರವನ್ನು ಫಾಂಟಿನ ಹಂಗಿಲ್ಲದ ಗೆರೆಚಿತ್ರವಾಗಿಸಿ), ಒಂದೊಂದು ಅಕ್ಷರವನ್ನೂ ಅದರ ಒತ್ತು, ಗುಣಿತದ ಜೊತೆ ಗ್ರೂಪ್ ಮಾಡಿ, ಆಮೇಲೆ ಕೈಯಿಂದ ಕಮಾನಿಗೆ ತಿರುಗಿಸಿ ಕೂರಿಸುವುದು. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಆದರೆ ಹೆಸರು ತಪ್ಪುವುದಿಲ್ಲ. ಕರ್ವ್ ಮಾಡಿದ ಕಡತಕ್ಕೆ ಇನ್ನೊಂದು ಲಾಭವೂ ಇದೆ: ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟು ಇರಲಿ ಬಿಡಲಿ, ಅಕ್ಷರ ಹಾಗೇ ಬರುತ್ತದೆ. ಮದುಮಕ್ಕಳ ಹೆಸರು 14ರಿಂದ 18 ಪಾಯಿಂಟ್ ಇರಲಿ, ತಾರೀಖು ಮತ್ತು ಊರು 9 ಪಾಯಿಂಟಿಗಿಂತ ಸಣ್ಣದಾಗದಿರಲಿ. ಮ್ಯಾಟ್ ಲೇಪದಲ್ಲಿ ಇಂಕ್ ಸ್ವಲ್ಪ ಹರಡುವುದರಿಂದ 7 ಪಾಯಿಂಟಿನ ಒತ್ತಕ್ಷರದ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಗಾಢ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬಿಡುವಾಗ ಇದು ಇನ್ನೂ ಹೆಚ್ಚು; ಅಲ್ಲಿ ದಪ್ಪ ಫಾಂಟು, ಕನಿಷ್ಠ 10 ಪಾಯಿಂಟ್.

ಡಿಸ್ಕಿನ ಮೇಲೆ ಇರಲೇಬೇಕಾದ ಮಾತು: ಹೆಸರು, ಲಗ್ನದ ತಾರೀಖು, ಊರು, ಒಳಗಿರುವುದು ಫೋಟೊವೋ ವಿಡಿಯೊವೋ, ‘3ರಲ್ಲಿ 1’ ಎಂಬಂತೆ ಸಂಖ್ಯೆ. ಸ್ಟುಡಿಯೊದ ಹೆಸರು ಕೆಳಗೆ ಸಣ್ಣದಾಗಿ ಸಾಕು. ಅದನ್ನು ಮದುಮಗಳ ಹೆಸರಿಗಿಂತ ದೊಡ್ಡದಾಗಿ ಹಾಕುವುದು ಅವಮರ್ಯಾದೆ.

ಬಣ್ಣದ ವಿಷಯ. ಕಡತ ಪರದೆಯ ಬಣ್ಣಕ್ರಮವಾದ ಆರ್‌ಜಿಬಿಯಲ್ಲೇ ಇರಲಿ. ಲಗ್ನಪತ್ರಿಕೆಯ ಆಫ್‌ಸೆಟ್ ಕೆಲಸದ ರೂಢಿಯಿಂದ ನಾಲ್ಕು ಮುದ್ರಣ ಶಾಯಿಗಳ ಕ್ರಮವಾದ ಸಿಎಂವೈಕೆಗೆ ತಿರುಗಿಸಿ ಕಳಿಸುವವರಿದ್ದಾರೆ. ಈ ಪ್ರಿಂಟರುಗಳನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಆರ್‌ಜಿಬಿಯನ್ನೇ ನಿರೀಕ್ಷಿಸುತ್ತದೆ, ಎರಡು ಸಲ ತಿರುಗಿದ ಬಣ್ಣ ಕಳೆಗುಂದುತ್ತದೆ. ಹಾಗೆಯೇ ಬಣ್ಣದ ತಿದ್ದುಪಡಿ ಒಂದೇ ಕಡೆ ಆಗಲಿ: ಫೋಟೊಶಾಪ್‌ನಲ್ಲಿ ಪ್ರೊಫೈಲ್ ಹಾಕಿದ್ದರೆ ಡ್ರೈವರಿನಲ್ಲಿ ಅದನ್ನು ನಿಲ್ಲಿಸಿ. ಎರಡೂ ಕಡೆ ನಡೆದರೆ ಮುಖಗಳು ಕೆಂಪಡರುತ್ತವೆ. ಮ್ಯಾಟ್ ಡಿಸ್ಕಿನ ಬಿಳುಪು ಫೋಟೊ ಪೇಪರಿನಷ್ಟು ಪ್ರಕಾಶದ್ದಲ್ಲ. ಪರದೆಯಲ್ಲಿ ಸರಿ ಕಂಡ ಚಿತ್ರ ಡಿಸ್ಕಿನ ಮೇಲೆ ಕತ್ತಲಾಗಿ ಬರುವುದರಿಂದ ನಡುಛಾಯೆಗಳನ್ನು 10ರಿಂದ 15 ಪ್ರತಿಶತ ಎತ್ತಿ. ಇಳಕಲ್ ಸೀರೆಯ ದಾಳಿಂಬೆ ಕೆಂಪು, ಬಾದಾಮಿಯ ಮರಳುಗಲ್ಲಿನ ಕೆಂಪು ಎರಡೂ ಮೊದಲ ಪ್ರತಿಯಲ್ಲಿ ಇಟ್ಟಿಗೆಯ ಬಣ್ಣಕ್ಕೆ ಇಳಿಯುವ ಸಂಭವ ಹೆಚ್ಚು. ಆದರೆ ಅವನ್ನು ತಿದ್ದಲು ಹೋಗಿ ಮುಖ ಕೆಡಿಸಬೇಡಿ. ಮೊದಲು ಮೈಬಣ್ಣ, ಆಮೇಲೆ ಸೀರೆ. ಬಂಗಾರದ ಬಣ್ಣ ಮುದ್ರಣದಲ್ಲಿ ಬರುವುದಿಲ್ಲ ಎಂದು ಗಿರಾಕಿಗೆ ಮುಂಚೆಯೇ ಹೇಳಿ. ಹಳದಿ-ಕಂದು ಸೇರಿಸಿ ಮಾಡಿದ ‘ಗೋಲ್ಡನ್’ ಅಕ್ಷರ ಮ್ಯಾಟ್ ಮೇಲೆ ಕೆಸರಿನಂತೆ ಕಾಣುತ್ತದೆ, ಅದರ ಬದಲು ಅರಿಶಿನದ ನಿಚ್ಚಳ ಹಳದಿ ಮೇಲು. ಪೂರ್ತಿ ಕಡುಗೆಂಪು, ಪೂರ್ತಿ ಕಪ್ಪು ಹಿನ್ನೆಲೆ ಕೂಡ ಬೇಡ. ಅಷ್ಟು ಇಂಕ್ ಕುಡಿದ ಲೇಪ ಒಣಗಲು ಬಹಳ ಹೊತ್ತು ಹಿಡಿಯುತ್ತದೆ, ಬೆರಳು ತಾಗಿದಲ್ಲೆಲ್ಲ ಗುರುತು ಉಳಿಯುತ್ತದೆ.

ಮುದ್ರಣಕ್ಕೆ ಕೂರುವ ಮುನ್ನ ನೊಝಲ್ ಚೆಕ್ (ಪ್ರತಿ ಇಂಕಿನ ಗೆರೆಗಳನ್ನು ಹಾಳೆಯ ಮೇಲೆ ತೆಗೆದು ನೋಡುವ ಪರೀಕ್ಷೆ) ಮಾಡದೆ ಒಂದು ಡಿಸ್ಕೂ ಹಾಕಬಾರದು. ತಿಳಿ ಮೆಜೆಂಟಾ, ತಿಳಿ ಸಯಾನ್ ಗೆರೆ ಕಡಿದಿದ್ದರೆ ದಿನನಿತ್ಯದ ಕಾರ್ಡಿನ ಕೆಲಸದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮೈಬಣ್ಣ ನಿಂತಿರುವುದೇ ಆ ಎರಡು ಇಂಕುಗಳ ಮೇಲೆ. ಮುಖದ ಮೇಲೆ ಪಟ್ಟೆ, ಹಸಿರು ಛಾಯೆ ಬಂದರೆ ಕಾರಣ ಅಲ್ಲಿರುತ್ತದೆ. ಹೆಡ್ ಕ್ಲೀನಿಂಗ್ ಮೂರು ಸಲ ಮಾಡಿಯೂ ಗೆರೆ ಕೂಡದಿದ್ದರೆ ನಿಲ್ಲಿಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿ. ಮೇಲಿಂದ ಮೇಲೆ ಕ್ಲೀನಿಂಗ್ ಒತ್ತಿದರೆ ಇಂಕ್ ಹೋಗುತ್ತದೆ, ವ್ಯರ್ಥ ಇಂಕ್ ಹೀರುವ ವೇಸ್ಟ್ ಪ್ಯಾಡ್ ತುಂಬುತ್ತದೆ, ಅಷ್ಟೇ. ವಿಜಯಪುರ, ಬಾಗಲಕೋಟೆಯ ಒಣ ಬೇಸಿಗೆಯಲ್ಲಿ ವಾರಗಟ್ಟಲೆ ಸುಮ್ಮನಿದ್ದ ಪ್ರಿಂಟರಿನಲ್ಲಿ ಇಂಕ್ ಗಟ್ಟಿಯಾಗುವುದು ಸಾಮಾನ್ಯ. ಎರಡು ಮೂರು ದಿನಕ್ಕೊಂದು ಬಣ್ಣದ ಹಾಳೆ ತೆಗೆಯುತ್ತಿದ್ದರೆ ಈ ಪಾಡು ಬಾರದು.

ಎಪ್ಸನ್ ಪ್ರಿಂಟ್ ಸಿಡಿ ತಂತ್ರಾಂಶದಲ್ಲಿ ಒಳ ಅಡ್ಡಳತೆ, ಹೊರ ಅಡ್ಡಳತೆ ಎರಡನ್ನೂ ಬರೆಯಬೇಕು. ಡಿಸ್ಕಿನ ಬಿಳಿ ಲೇಪವನ್ನು ಅಳತೆಪಟ್ಟಿ ಇಟ್ಟು ಅಳೆದು, ಒಳಗೆ 1 ಮಿ.ಮೀ. ಹೆಚ್ಚು, ಹೊರಗೆ 1 ಮಿ.ಮೀ. ಕಡಿಮೆ ಕೊಡಿ: 22-118ರ ಡಿಸ್ಕಿಗೆ 23-117. ಲೇಪ ದಾಟಿ ಗಾಜಿನಂಥ ಉಂಗುರದ ಮೇಲೆ ಬಿದ್ದ ಇಂಕ್ ಒಣಗುವುದಿಲ್ಲ. ಅದು ಡ್ರೈವಿನ ಹಿಡಿಕೆಗೆ ಹತ್ತುತ್ತದೆ, ಡಿಸ್ಕುಗಳನ್ನು ಒಂದರ ಮೇಲೊಂದು ಇಟ್ಟಾಗ ಮೇಲಿನದರ ಓದುವ ಮೈಗೆ ಬಳಿಯುತ್ತದೆ. ಹೊರ ಅಂಚು ದಾಟಿದ್ದು ಟ್ರೇಗೆ ಹತ್ತಿ ಮುಂದಿನ ಡಿಸ್ಕಿನ ಕೆಳಮೈ ಹೊಲಸು ಮಾಡುತ್ತದೆ. ಪೇಪರ್ ಬಗೆಯಲ್ಲಿ ಸಿಡಿ-ಡಿವಿಡಿ ಎಂದೇ ಆರಿಸಿ. ಫೋಟೊ ಪೇಪರ್ ಎಂದಿಟ್ಟರೆ ಲೇಪ ಹೀರಲಾರದಷ್ಟು ಇಂಕ್ ಸುರಿಯುತ್ತದೆ. ನಡುವೆ ಕೂರುತ್ತಿದೆಯೇ ಎಂದು ನೋಡಲು ರೈಟ್ ಆಗುವಾಗ ಕೆಟ್ಟುಹೋದ ಡಿಸ್ಕುಗಳನ್ನು ಎಸೆಯದೆ ಎತ್ತಿಟ್ಟುಕೊಳ್ಳಿ. ಬರೀ ಒಂದು ತೆಳು ವೃತ್ತ ಮುದ್ರಿಸಿ ನಾಲ್ಕು ದಿಕ್ಕಿನಲ್ಲೂ ಅಂಚಿನ ಅಂತರ ಅಳೆಯಿರಿ. ಎಡಕ್ಕೆ 1.8, ಬಲಕ್ಕೆ 1.2 ಮಿ.ಮೀ. ಉಳಿದಿದ್ದರೆ ವ್ಯತ್ಯಾಸದ ಅರ್ಧ, ಅಂದರೆ 0.3 ಮಿ.ಮೀ. ಎಡಕ್ಕೆ ಸರಿಸಬೇಕು. ತಂತ್ರಾಂಶದಲ್ಲಿ 0.1 ಮಿ.ಮೀ. ಲೆಕ್ಕದಲ್ಲಿ ಸರಿಸುವ ಅವಕಾಶವಿದೆ. ಒಂದು ಯಂತ್ರಕ್ಕೆ ಇದನ್ನು ಒಮ್ಮೆ ಮಾಡಿಟ್ಟರೆ ಸಾಕು, ಟ್ರೇ ಬದಲಾದಾಗ ಮಾತ್ರ ಮತ್ತೆ.

ಟ್ರೇಯನ್ನು ಬ್ಲೋಅರಿನಿಂದ ಊದಿ ಧೂಳು ತೆಗೆದು, ಡಿಸ್ಕನ್ನು ಅಂಚು ಹಿಡಿದು ಬಿಳಿ ಮೈ ಮೇಲಾಗಿ ಕೂರಿಸಿ. ಪ್ರಿಂಟರ್ ಚಾಲೂ ಆಗಿ, ಒಳಗಿನ ಸದ್ದು ನಿಂತು, ಪರದೆಯಲ್ಲಿ ಟ್ರೇ ಹಾಕಿ ಎಂದು ಬಂದ ಮೇಲೆಯೇ ಗುರುತಿಗೆ ಗುರುತು ಕೂಡುವ ತನಕ ಮೆಲ್ಲಗೆ ತೂರಿಸಬೇಕು. ಟ್ರೇ ಒಳಗಿರುವಾಗ ಸ್ವಿಚ್ ಆಫ್-ಆನ್ ಮಾಡಿದರೆ ಹೆಡ್ ಬಂದು ಟ್ರೇಗೆ ಬಡಿಯಬಹುದು. ಯುಪಿಎಸ್ ಇಲ್ಲದೆ ಈ ಕೆಲಸ ಬೇಡ ಎನ್ನುವುದು ಅದಕ್ಕೇ.

ರೈಟ್ ಮೊದಲೋ ಮುದ್ರಣ ಮೊದಲೋ ಎಂಬ ಚರ್ಚೆ ನಮ್ಮವರಲ್ಲಿ ಇದ್ದೇ ಇದೆ. ರೈಟ್ ಮೊದಲು ಎಂಬುದು ನಮ್ಮ ನಿಲುವು. ಒಳಗೆ ಕೆಟ್ಟ ಡಿಸ್ಕಿಗೆ ಇಂಕ್ ದಂಡವಾಗುವುದಿಲ್ಲ, ಹಸಿ ಬಣ್ಣದ ಡಿಸ್ಕ್ ಬಿಸಿ ಡ್ರೈವಿನೊಳಗೆ ಹೋಗುವುದಿಲ್ಲ. 16 ಎಕ್ಸ್ ಡಿಸ್ಕನ್ನು 8 ಎಕ್ಸ್ ವೇಗದಲ್ಲಿ ಬರೆದು, ಬರೆದದ್ದು ಸರಿಯಿದೆಯೇ ಎಂದು ವೆರಿಫೈ ಮಾಡಿ, ಫೈನಲೈಸ್ ಮಾಡಿ. ಡಬ್ಬಿಯ ಮೇಲಿನ 4.7 ಜಿಬಿ ಎಂಬುದು ವಿಂಡೋಸ್ ಲೆಕ್ಕದಲ್ಲಿ 4.38 ಜಿಬಿ ಮಾತ್ರ. ಅದನ್ನೂ ಅಂಚಿನವರೆಗೆ ತುಂಬದೆ 4.2ಕ್ಕೆ ನಿಲ್ಲಿಸಿದರೆ ಬೆರಳು ತಾಗುವ ಹೊರ ಅಂಚು ಖಾಲಿ ಉಳಿಯುತ್ತದೆ. ವೆರಿಫೈ ಆದ ಡಿಸ್ಕಿನ ಬಿಳಿ ಮೈಯನ್ನು ಬೆರಳಿನಿಂದ ಮುಟ್ಟಬೇಡಿ, ಎಣ್ಣೆಯ ಗುರುತಿನ ಮೇಲೆ ಇಂಕ್ ಹಿಡಿಯುವುದಿಲ್ಲ.

ಮುದ್ರಣವಾದ ಮೇಲೆ 24 ತಾಸು. ಈ ಒಂದು ದಿನವನ್ನು ಬಿಡಲು ಯಾರಿಗೂ ಮನಸ್ಸಿಲ್ಲ, ಕೆಡುವುದೂ ಇಲ್ಲೇ. ಬಣ್ಣದ ಮೈ ಮೇಲಾಗಿ, ಒಂದರ ಮೇಲೊಂದು ಬಾರದಂತೆ, ಮುಚ್ಚಿದ ಕಪಾಟಿನ ಹಲಗೆಯ ಮೇಲೆ ಸಮತಟ್ಟಾಗಿ ಹರಡಿಡಿ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ಎರಡು ದಿನ ಬಿಟ್ಟರೂ ಹೆಚ್ಚಲ್ಲ. ಫ್ಯಾನಿನ ಕೆಳಗೆ ಇಟ್ಟರೆ ಧೂಳು ಕೂರುತ್ತದೆ. ಬಿಸಿಲಿಗೆ ಇಟ್ಟರೆ ಒಳಗಿನ ದಾಖಲೆಯ ಬಣ್ಣಪದರವೇ ಸಾಯುತ್ತದೆ, ಏಕೆಂದರೆ ರೈಟೆಬಲ್ ಡಿಸ್ಕಿನಲ್ಲಿ ದಾಖಲೆ ಇರುವುದು ಬೆಳಕಿಗೆ ಕೆಡುವ ಡೈಯಲ್ಲಿ. ಹೇರ್ ಡ್ರೈಯರ್ ಹಿಡಿದರೆ ಡಿಸ್ಕ್ ಬಾಗುತ್ತದೆ. ವಾರ್ನಿಶ್ ಸ್ಪ್ರೇ ಹೊಡೆಯುವ ರೂಢಿಯೂ ಬೇಡ, ಅದರಲ್ಲಿನ ದ್ರಾವಕ ಅಂಚಿನಿಂದ ಇಳಿದರೆ ಪಾಲಿಕಾರ್ಬೊನೇಟ್ ಮಂಜಾಗುತ್ತದೆ. ಒಣಗಿದ ಮೇಲೆ ಒಮ್ಮೆ ಬೇರೊಂದು ಡ್ರೈವಿನಲ್ಲಿ, ಸಾಧ್ಯವಾದರೆ ಟಿವಿ ಪ್ಲೇಯರಿನಲ್ಲಿ, ಕೊನೆಯ ಅಧ್ಯಾಯದವರೆಗೆ ಓಡಿಸಿ ನೋಡಿಯೇ ಗಿರಾಕಿಗೆ ಕೊಡಿ. ಮೆತ್ತನೆಯ ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಅದು ಬಣ್ಣಕ್ಕೆ ಅಂಟಿಕೊಂಡು ಎಬ್ಬಿಸುತ್ತದೆ. ನಡುವಿನ ಗುಬ್ಬಿ ಹಿಡಿದುಕೊಳ್ಳುವ ಗಟ್ಟಿ ಡಬ್ಬಿ ಬೇಕು.

ಶಾಲೆಯ ಗ್ಯಾದರಿಂಗ್, ಸಾಮೂಹಿಕ ವಿವಾಹಗಳಿಗೆ ಐದುನೂರು, ಸಾವಿರ ಪ್ರತಿ ಬೇಕಾದಾಗ ಈ ಪ್ರಿಂಟರ್ ಸೂಕ್ತವಲ್ಲ. ಅಷ್ಟು ಸಂಖ್ಯೆಗೆ ಕಾರ್ಖಾನೆಯಲ್ಲಿ ಒತ್ತಿಸಿ ಸ್ಕ್ರೀನ್ ಇಲ್ಲವೇ ಆಫ್‌ಸೆಟ್ ಮುದ್ರಣ ಮಾಡಿಸುವುದೇ ಸರಿ, ಆಗ ಕಡತ ಸಿಎಂವೈಕೆಯಲ್ಲಿ ಕೇಳುತ್ತಾರೆ.

ಮದುವೆ ಮನೆಯವರಿಗೆ ಎರಡು ಮಾತು. ಎನ್‌ಐಎಸ್‌ಟಿ ಕೈಪಿಡಿ ಡಿಸ್ಕುಗಳನ್ನು 4ರಿಂದ 20 ಡಿಗ್ರಿ ಸೆಲ್ಸಿಯಸ್, 20ರಿಂದ 50 ಪ್ರತಿಶತ ತೇವಾಂಶದಲ್ಲಿ ನಿಲ್ಲಿಸಿಡಲು ಹೇಳುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದು ಮನೆಯಲ್ಲಿ ಆಗದ ಮಾತು. ಆದರೂ ತಗಡಿನ ಮಾಡಿನ ಕೆಳಗಿನ ಅಟ್ಟ, ಟಿವಿ ಶೋಕೇಸಿನ ಬಿಸಿಲು ಬೀಳುವ ಗಾಜು ಇವೆರಡನ್ನು ಬಿಟ್ಟು, ಒಳಕೋಣೆಯ ಕಪಾಟಿನಲ್ಲಿ ಪುಸ್ತಕದ ಹಾಗೆ ನಿಲ್ಲಿಸಿಡಬಹುದಲ್ಲ. ಸ್ಟುಡಿಯೊದವರಿಂದ ಎರಡು ಪ್ರತಿ ಕೇಳಿ, ಒಂದನ್ನು ತವರಿಗೆ ಕೊಡಿ. ಅದರ ಜೊತೆ ಪೆನ್‌ಡ್ರೈವ್ ಕೂಡ ಇರಲಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ.

ಕೊನೆಯದಾಗಿ ಡಿಸ್ಕ್ ಮಾರುವ ವರ್ತಕರಲ್ಲಿ ಒಂದು ಕೋರಿಕೆ. ನಮ್ಮ ದೇಶದ ದೊಡ್ಡ ಡಿಸ್ಕ್ ತಯಾರಕ ಮೋಸರ್ ಬೇರ್ 2018ರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಮುಚ್ಚಿತು. ಒಳ್ಳೆಯ ಪ್ರಿಂಟೆಬಲ್ ಡಿಸ್ಕಿಗೆ ಹೆಸರಾಗಿದ್ದ ಜಪಾನಿನ ತೈಯೊ ಯೂಡೆನ್ 2015ರ ಕೊನೆಗೆ ಈ ವ್ಯವಹಾರ ಬಿಟ್ಟಿತು. ಸೋನಿ 2025ರ ಫೆಬ್ರವರಿಯಲ್ಲಿ ರೈಟೆಬಲ್ ಬ್ಲೂ-ರೇ ತಯಾರಿಕೆ ನಿಲ್ಲಿಸಿತು. ಮಾಲು ಕಡಿಮೆಯಾಗುತ್ತಿರುವ ಈ ಹೊತ್ತಿನಲ್ಲಿ 50ರ ಡಬ್ಬಿ ಒಡೆದು ಬಿಡಿಯಾಗಿ ಮಾರುವಾಗ ಬಿಳಿ ಡಿಸ್ಕನ್ನೆಲ್ಲ ಒಂದೇ ರಾಶಿಗೆ ಸುರಿಯಬೇಡಿ. ಇಂಕ್‌ಜೆಟ್ಟಿನದೋ ಥರ್ಮಲ್ಲಿನದೋ, ಮುದ್ರಣದ ಜಾಗ 22ರಿಂದಲೋ 46ರಿಂದಲೋ, ಮ್ಯಾಟೋ ಗ್ಲಾಸಿಯೋ ಎಂದು ಡಬ್ಬಿಯ ಚೀಟಿಯ ಒಂದು ಝೆರಾಕ್ಸನ್ನು ಪ್ರತಿ ಹತ್ತರ ಕಟ್ಟಿನ ಜೊತೆ ಕೊಡಿ.

ಇತಿ ತಮ್ಮ ವಿಶ್ವಾಸಿಗಳು,
ಸ್ಟುಡಿಯೊ ಮುದ್ರಣದ ಕೆಲಸದಲ್ಲಿರುವ ಓದುಗರು,
ಖಡೇಬಜಾರ, ಬೆಳಗಾವಿ